ಕಾಲುವೆಗೆ ಅಡ್ಡ ಕುಳಿತವರು

ಜೋಲೆಕಾ ಹೊಸ ಬೂಟು ಹಾಕಿಕೊಂಡು ಬಂದ ದಿನ ನಾನು ಊಟ ಮಾಡಲಿಲ್ಲ.

ಹಸಿವಿರಲಿಲ್ಲವೆಂದಲ್ಲ. ಬೆಳಗಿನಿಂದ ಗುಡ್ಡದ ಮೇಲೆ ವಾಟಲ್ ಮರದ ಬೊಡ್ಡೆಗಳ ಮುಂದೆ ಬಗ್ಗಿ ದುಡಿದಿದ್ದೆ. ಡಬ್ಬಿಯಲ್ಲಿ ಮೆಕ್ಕೆಜೋಳದ ನುಚ್ಚು, ಹುಳಿಹಾಲು ಇತ್ತು. ಆದರೆ ಎದುರಿಗೆ ಅವಳು ಕೂತಿದ್ದಳು. ಕಾಲು ಚಾಚಿಕೊಂಡು. ಆ ಬೂಟಿನ ಮೂತಿಯಲ್ಲಿ ಕಬ್ಬಿಣವಿತ್ತು. ಹೊಸ ಚರ್ಮದ ವಾಸನೆ ನನ್ನ ಡಬ್ಬಿಯವರೆಗೆ ಬರುತ್ತಿತ್ತು. ನನ್ನ ಬೂಟಿನ ಅಟ್ಟೆ ಕಿತ್ತು ಎರಡು ತಿಂಗಳಾಗಿತ್ತು. ತಂತಿ ಬಿಗಿದುಕೊಂಡು ಗುಡ್ಡ ಹತ್ತುತ್ತಿದ್ದೆ.

"ವುಯಿಸ್ವಾ, ತಿನ್ನಲ್ವೇನೇ?" ಅಂದಳು.

"ಹೊಟ್ಟೆ ಸರಿಯಿಲ್ಲ."

"ಬಿಸಿಲು ಕಣೇ. ತಗೋ, ನೀರು ಕುಡಿ."

ತನ್ನ ಬಾಟಲಿ ಚಾಚಿದಳು. ನಾನು ಮುಖ ತಿರುಗಿಸಿದೆ.

ಅವಳನ್ನು ಈ ಕೆಲಸಕ್ಕೆ ಸೇರಿಸಿದವಳೇ ನಾನು. ಆರು ವರ್ಷದ ಹಿಂದೆ ಅವಳ ಗಂಡ ಚಿನ್ನದ ಗಣಿಯಿಂದ ಎದೆ ತುಂಬ ಧೂಳು ಹೊತ್ತು ಬಂದು ಸತ್ತ. ಅವಳ ಒಲೆ ತಣ್ಣಗಾಗಿತ್ತು. ಗುತ್ತಿಗೆದಾರ ಜ್ವೆಲಿಯ ಮುಂದೆ ನಿಂತು, "ಇವಳೂ ನಾನೂ ಒಟ್ಟಿಗೆ ಬೆಳೆದವರು, ಇವಳ ಕೆಲಸಕ್ಕೆ ನಾನು ಹೊಣೆ" ಅಂದಿದ್ದೆ. ಮಚ್ಚು ಹಿಡಿಯುವುದು ಕಲಿಸಿದೆ. ಮರ ಯಾವ ಕಡೆ ಬೀಳುತ್ತದೆ ಎಂದು ನೋಡುವುದು ಕಲಿಸಿದೆ. ಇಷ್ಟೆಲ್ಲ ಕಲಿಸಿದವಳ ಬೂಟಿಗೆ ತಂತಿ. ಕಲಿತವಳ ಬೂಟಿಗೆ ಕಬ್ಬಿಣ.

ನಮ್ಮ ಗುಂಪಿನಲ್ಲಿ ಹನ್ನೊಂದು ಜನ. ಒಂಬತ್ತು ಹೆಂಗಸರು. ಎಲ್ಲರೂ ಎಮಾಟ್ಯೆನಿಯವರು. ಗುಡ್ಡದ ಬುಡದಲ್ಲಿ, ಕಲ್ಲುಗಳ ನಡುವೆ ನಿಂತ ತಗಡಿನ ಮನೆಗಳೇ ಎಮಾಟ್ಯೆನಿ. ನಮ್ಮ ಕೆಲಸ ಸರ್ಕಾರದ ಕೆಲಸ. ಹೊರಗಿನಿಂದ ಬಂದು ನೆಲ ಹಿಡಿದ ಮರಗಳನ್ನು ತೆಗೆಯುವುದು. ವಾಟಲ್ಲನ್ನು ನನ್ನ ಮುತ್ತಜ್ಜನ ಕಾಲದಲ್ಲಿ ಬಿಳಿಯರು ಆಸ್ಟ್ರೇಲಿಯಾದಿಂದ ತಂದರು. ಅದರ ತೊಗಟೆ ಚರ್ಮ ಹದಮಾಡಲು ಬೇಕಿತ್ತು. ನೆಟ್ಟರು. ಅದು ಬೇಲಿ ದಾಟಿತು. ಹೊಳೆಯ ಗುಂಟ ಮೇಲಕ್ಕೆ ಹತ್ತಿತು. ಅದು ಹತ್ತಿದ ಕಡೆ ಹುಲ್ಲು ಸತ್ತಿತು. ಹುಲ್ಲು ಸತ್ತ ಮೇಲೆ ನಮ್ಮವರು ದನ ಮಾರಿದರು. ಬೇಸಿಗೆಯಲ್ಲೂ ಹರಿಯುತ್ತಿದ್ದ ಹೊಳೆ, ನಮ್ಮಲ್ಲಿ ಬೇಸಿಗೆ ಶುರುವಾಗುವ ಡಿಸೆಂಬರಿಗೇ ಕಲ್ಲು ತೋರಿಸತೊಡಗಿತು.

ಅದನ್ನು ಬರೀ ಕಡಿದರೆ ಚಿಗುರುತ್ತದೆ. ಸುಟ್ಟರೆ ಬೀಜ ಒಡೆದು ತಲೆಗೂದಲಿನ ಹಾಗೆ ಒತ್ತಾಗಿ ಏಳುತ್ತದೆ. ಬೀಜ ಮಣ್ಣಿನೊಳಗೆ ಐವತ್ತು ವರ್ಷ ಸುಮ್ಮನೆ ಕಾಯುತ್ತದೆ. ಕಡಿದ ಕೂಡಲೇ ಬೊಡ್ಡೆಗೆ ವಿಷ ಬಳಿಯಬೇಕು. ಮುಂದಿನ ವರ್ಷ ಬಂದು ಸಸಿ ಕೀಳಬೇಕು. ಅದರ ಮುಂದಿನ ವರ್ಷವೂ. ಒಂದು ವರ್ಷ ಇಲಾಖೆಯಲ್ಲಿ ಹಣವಿಲ್ಲವೆಂದು ಕೆಲಸ ನಿಂತರೆ ಹಿಂದಿನ ಮೂರು ವರ್ಷದ ಬೆವರು ಮಣ್ಣುಪಾಲು. ಹಾಗೆ ಎರಡು ಸಲ ಆಗಿದೆ. ನಾವೇ ಕಡಿದ ಜಾಗವನ್ನು ನಾವೇ ಮತ್ತೆ ಕಡಿದಿದ್ದೇವೆ.

ವಿಷ ಬಳಿಯುವವಳು ನಾನು. ಜ್ವೆಲಿ ಅದನ್ನು ಔಷಧಿ ಅನ್ನುತ್ತಿದ್ದ. ಯಾವ ಬೊಡ್ಡೆಗೆ ಬಳಿದಾಯಿತು ಎಂದು ಗೊತ್ತಾಗಲಿ ಅಂತ ಅದಕ್ಕೆ ನೀಲಿ ಬಣ್ಣ ಬೆರೆಸಿರುತ್ತಾರೆ. ವರ್ಷಕ್ಕೆ ಒಂದು ಜೊತೆ ಗ್ಲೌಸು. ಎರಡು ತಿಂಗಳು ಬಾಳುವುದಿಲ್ಲ. ಆಮೇಲೆ ಬರಿಗೈ. ನನ್ನ ಉಗುರು ನೀಲಿ. ಕೈಗೆರೆಗಳು ನೀಲಿ. ಹಿಟ್ಟು ನಾದಿದರೆ ನನ್ನ ಮಗಳು ಹಿಟ್ಟನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದಳು.

ಆ ವರ್ಷ ಇಲಾಖೆಯವರು ಪ್ರತಿ ಗುಂಪಿಗೆ ಒಂದು ಗರಗಸದ ಮಷೀನು ಕೊಟ್ಟರು. ಒಬ್ಬರನ್ನು ಎರಡು ವಾರ ಪಟ್ಟಣಕ್ಕೆ ಕಳಿಸಿ ಕಲಿಸುತ್ತಾರೆ ಎಂದಾಗ ನಾನು ನನ್ನ ಪೆಟ್ಟಿಗೆಯಿಂದ ಒಳ್ಳೆಯ ಲಂಗ ತೆಗೆದು ಒಗೆದು ಹಾಕಿದ್ದೆ. ಈ ಕೆಲಸಕ್ಕೆ ಸೇರಿ ಹತ್ತು ವರ್ಷ ಆಗಿತ್ತು ನನಗೆ. ಗುಂಪಿನಲ್ಲಿ ಹಳಬಳು ನಾನೇ.

ಜ್ವೆಲಿ ಜೋಲೆಕಾಳ ಹೆಸರು ಬರೆಸಿದ.

"ಯಾಕೆ ಜ್ವೆಲಿ?" ಅಂತ ಕೇಳಿದೆ.

"ಅವಳ ತೋಳು ಗಟ್ಟಿ ಅಕ್ಕ. ನಿನಗೆ ವಯಸ್ಸಾಯ್ತು."

ಅವಳು ನನಗಿಂತ ಏಳು ತಿಂಗಳು ಚಿಕ್ಕವಳು. ಏಳೇ ತಿಂಗಳು.

ಅವಳು ಪಟ್ಟಣದಿಂದ ಕಿತ್ತಳೆ ಬಣ್ಣದ ಹೆಲ್ಮೆಟ್ಟು, ಮುಖಕ್ಕೆ ಜಾಲರಿ, ದಪ್ಪ ಪ್ಯಾಂಟು, ಆ ಬೂಟು ಹಾಕಿಕೊಂಡು ಬಂದಳು. ಮಷೀನಿನ ಹಗ್ಗ ಎಳೆದರೆ ಇಡೀ ಗುಡ್ಡ ಅವಳ ಮಾತು ಕೇಳುತ್ತಿತ್ತು. ಅವಳದು ನಿಂತು ಮಾಡುವ ಕೆಲಸ. ನನ್ನದು ಅವಳ ಹಿಂದೆ ಡಬ್ಬ ಹಿಡಿದು ಮಂಡಿಯೂರಿ ಮಾಡುವ ಕೆಲಸ. ಅವಳು ಹತ್ತು ಮರ ಉರುಳಿಸಿದರೆ ನಾನು ಹತ್ತು ಸಲ ಅವಳ ಕಾಲ ಬಳಿ ಬಗ್ಗಬೇಕು. ಬಗ್ಗಿದಾಗಲೆಲ್ಲ ಕಣ್ಣೆದುರು ಆ ಬೂಟು.

ನಾನು ಸುಳ್ಳು ಹೇಳುವುದಿಲ್ಲ. ಒಂದು ಕೊಂಬೆ ಅವಳ ಮೇಲೆ ಬೀಳಲಿ ಎಂದು ಬಯಸಿದೆ. ಸಾಯುವಷ್ಟು ದೊಡ್ಡದಲ್ಲ. ಮಷೀನು ಹಿಡಿಯಲಾರದಷ್ಟು.

ನನ್ನ ಹೊಟ್ಟೆಕಿಚ್ಚಿಗೆ ಅವಳೊಬ್ಬಳೇ ಸಾಕಾಗಲಿಲ್ಲ. ಇಲಾಖೆಯ ಮೇಡಂ ಒಂದು ದಿನ ಬಂದು ಗುಡ್ಡದ ದಾರಿಯಲ್ಲಿ ಬೋರ್ಡು ನೆಡಿಸಿದರು. ಅದರ ಮೇಲೆ ವಾಟಲ್ ಮರದ ಚಿತ್ರ. ಒಂದು ದೊಡ್ಡ ಮರ ದಿನಕ್ಕೆ ಎರಡು ಡ್ರಮ್ಮು ನೀರು ಕುಡಿಯುತ್ತದೆ ಎಂದು ಬರೆದಿತ್ತು. ಮೇಡಂ ಅದನ್ನು ನಮಗೆ ಓದಿ ಹೇಳಿದರು. ನನ್ನ ಮನೆಯಲ್ಲಿ ನಾಲ್ಕು ಜನ. ನಮಗೆ ದಿನಕ್ಕೆ ಒಂದು ಡ್ರಮ್ಮು. ಅದನ್ನು ನಾನು ತಳ್ಳುಗಾಡಿಯಲ್ಲಿಟ್ಟು ಒಂದು ಗಂಟೆಯ ದಾರಿ ನೂಕಿ ತರುತ್ತೇನೆ. ಗುರುವಾರ ಟ್ಯಾಂಕರ್ ಬರುತ್ತದೆ ಅನ್ನುತ್ತಾರೆ. ಎಷ್ಟೋ ಗುರುವಾರ ಬರುವುದಿಲ್ಲ. ಆವತ್ತಿನಿಂದ ಆ ಮರಗಳನ್ನು ಬೇರೆ ಕಣ್ಣಿನಿಂದ ನೋಡಿದೆ. ನಿಂತಲ್ಲೇ ನಿಂತು, ಯಾರಿಗೂ ಕೈ ಒಡ್ಡದೆ, ದಿನಕ್ಕೆ ಎರಡು ಡ್ರಮ್ಮು ಕುಡಿಯುವ ಹಾಗಿದ್ದರೆ!

ಇಷ್ಟು ಕೆಡುಕು ಮಾಡಿದ ಮರ ನಮಗೆ ಒಂದೇ ಉಪಕಾರ ಮಾಡಿತ್ತು. ಸೌದೆ. ಎಮಾಟ್ಯೆನಿಯ ಒಲೆಗಳು ವಾಟಲ್ಲಿನಿಂದಲೇ ಉರಿಯುತ್ತಿದ್ದವು. ಯೋಜನೆ ಬಂದ ಮೇಲೆ ಅದೂ ಹೋಯಿತು. ಕಡಿದ ಮರವನ್ನು ಇದ್ದಿಲು ಸುಡುವವನಿಗೆ ಹರಾಜು ಹಾಕಿದ್ದರು. ಅವನ ಲಾರಿ ಬಂದು ಒಯ್ಯುತ್ತಿತ್ತು. ನಾವು ಕಡಿದು, ಸವರಿ, ಹೆಗಲ ಮೇಲೆ ಹೊತ್ತು ಒಟ್ಟಿದ ಮರದಿಂದ ಒಂದು ಚಕ್ಕೆ ಮನೆಗೆ ತಂದರೆ ಕಳ್ಳತನ. ಅದನ್ನು ಜ್ವೆಲಿ ಮೊದಲ ದಿನವೇ ಓದಿ ಹೇಳಿ ಸೈನ್ ಹಾಕಿಸಿಕೊಂಡಿದ್ದ.

ಒಂದು ಶುಕ್ರವಾರ ಸಂಜೆ ಎಲ್ಲರೂ ಪಿಕಪ್ ಹತ್ತಿದೆವು. ಜೋಲೆಕಾ ಹತ್ತಲಿಲ್ಲ. ನಡೆದು ಬರುತ್ತೇನೆ ಅಂದಳು. ಹಿಂದಿನ ಶುಕ್ರವಾರವೂ ಹಾಗೇ ಅಂದಿದ್ದಳು. ನಾನು ತಿರುವಿನಲ್ಲಿ ಇಳಿದುಕೊಂಡೆ. ಕಲ್ಲಿನ ಮರೆಯಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಕಣಿವೆಯಿಂದ ಅವಳು ಬಂದಳು. ತಲೆಯ ಮೇಲೆ ವಾಟಲ್ ಸೌದೆಯ ಹೊರೆ. ಕತ್ತು ನೆಟ್ಟಗೆ. ಅಷ್ಟು ಭಾರ ಹೊತ್ತೂ ನಡೆಯುವ ಆ ನಡಿಗೆ ಕಂಡು ನನಗೆ ಇನ್ನಷ್ಟು ಉರಿಯಿತು.

ದೂರದಿಂದ ಹಿಂಬಾಲಿಸಿದೆ. ಅವಳು ತನ್ನ ಮನೆಗೆ ಹೋಗಲಿಲ್ಲ. ಮೊದಲು ಮಾದ್ಲೊಮೊಳ ಬಾಗಿಲಲ್ಲಿ ಅರ್ಧ ಹೊರೆ ಇಳಿಸಿದಳು. ಮಾದ್ಲೊಮೊ ನಮ್ಮೂರಿನ ಮುದುಕಿ. ಕೆಳಗಿನ ಸೇಬಿನ ತೋಟದ ಶೆಡ್ಡಿನಲ್ಲಿ ನಲವತ್ತು ವರ್ಷ ಹಣ್ಣು ಒರೆಸಿ ಪೆಟ್ಟಿಗೆಗೆ ತುಂಬಿದವಳು. ಈಗ ಸೊಂಟ ಹಿಡಿದಿದೆ. ಸೌದೆ ತರಲಾರಳು.

ನಾನು ಅದನ್ನೂ ನೋಡಿದೆ. ನೋಡಿಯೂ ಸೋಮವಾರ ಜ್ವೆಲಿಯ ಬಳಿ ಹೋದೆ. ಅವನು ಪಿಕಪ್ಪಿಗೆ ಒರಗಿ ಕರಿದ ಹಿಟ್ಟಿನುಂಡೆ ತಿನ್ನುತ್ತಿದ್ದ.

"ನಿನ್ನ ಮಷೀನಿನವಳು ಸೌದೆ ಸಾಗಿಸ್ತಾಳೆ."

"ಯಾರು ನೋಡಿದ್ದು?"

"ನಾನೇ."

ಅವನು ಬೆರಳಿನ ಎಣ್ಣೆ ಪ್ಯಾಂಟಿಗೆ ಒರೆಸಿಕೊಂಡ. "ನೀವಿಬ್ಬರೂ ಒಂದೇ ಪ್ರಾಣ ಅಲ್ವಾ? ಯಾಕಕ್ಕ ಹೇಳ್ತಿದೀಯ?"

"ಕಾನೂನು ಅಲ್ವಾ."

ಅವನು ನಕ್ಕ. ಆ ನಗು ನನಗೆ ಅರ್ಥವಾಗಿತ್ತು. ಅರ್ಥವಾಗದವಳ ಹಾಗೆ ಡಬ್ಬ ಎತ್ತಿಕೊಂಡು ಗುಡ್ಡ ಹತ್ತಿದೆ.

ಮಾರನೆಯ ದಿನ ಅವಳನ್ನು ಹಿಡಿದರು. ಜ್ವೆಲಿ ಅವಳ ಮನೆಗೇ ಹೋಗಿ ಉಳಿದ ಸೌದೆಯನ್ನೆಲ್ಲ ಕಟ್ಟಿಸಿದ. ಪಿಕಪ್ಪಿನಲ್ಲಿ ಹಾಕಲಿಲ್ಲ. "ಹೊತ್ತು ತಂದವಳೇ ಹೊತ್ತು ವಾಪಸ್ ಇಡಬೇಕು" ಅಂದ. ಎಮಾಟ್ಯೆನಿಯಿಂದ ಗುಡ್ಡದ ಮೇಲಿನವರೆಗೆ. ಅವನು ಗಾಡಿಯಲ್ಲಿ ಹಿಂದೆ ಹಿಂದೆ ನಿಧಾನಕ್ಕೆ ಬಂದ. ಮೇಲೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿದ್ದ. ಅವಳು ಹೊರೆ ಹೊತ್ತು ನಮ್ಮ ಮುಂದೆ ಹಾದಳು. ಬೆವರು ಕಣ್ಣಿಗಿಳಿದಿತ್ತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ. ಒಟ್ಟಿಲಿನ ಮೇಲೆ ಹೊರೆ ಇಳಿಸಿದಳು.

"ಅದರ ಪಕ್ಕ ನಿಂತ್ಕೋ. ಇಲ್ಲಿ ನೋಡು." ಜ್ವೆಲಿ ಮೊಬೈಲಿನಲ್ಲಿ ಫೋಟೋ ತೆಗೆದ. "ಇಲಾಖೆಗೆ ಕಳಿಸ್ಬೇಕು. ಈಗ ಬೂಟು ಬಿಚ್ಚು."

ಅವಳು ನೆಲದ ಮೇಲೆ ಕೂತು ಬೂಟು ಬಿಚ್ಚಿದಳು. ಪ್ಯಾಂಟನ್ನು ಮರದ ಮರೆಗೆ ಹೋಗಿ ಬಿಚ್ಚಿ ಲಂಗ ಸುತ್ತಿಕೊಂಡು ಬಂದಳು. ಸೊಂಟಕ್ಕೆ ಕಟ್ಟಿಕೊಂಡಿದ್ದ ಹೆಲ್ಮೆಟ್ಟನ್ನು ಅವುಗಳ ಮೇಲಿಟ್ಟಳು. ಬರಿಗಾಲಲ್ಲಿ ಆ ಮುರುಕು ಚಕ್ಕೆಗಳ ಮೇಲೆ ಇಳಿದು ಹೋದಳು. ಯಾರು ಹೇಳಿದ್ದು ಎಂದು ಯಾರ ಮುಖವನ್ನೂ ಹುಡುಕಿ ನೋಡಲಿಲ್ಲ. ಹೇಳಿದ್ದು ಯಾರೆಂದು ಅವಳಿಗೆ ಗೊತ್ತಿತ್ತು ಅನ್ನುವುದು ನನಗೆ ಗೊತ್ತಾದದ್ದು ಹಾಗೆ.

ಜ್ವೆಲಿ ಆ ಬೂಟು, ಬಟ್ಟೆಯ ರಾಶಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದ.

"ಹಾಕ್ಕೋ ಅಕ್ಕ. ನಿಂಗೆ ಬೇಕಿದ್ದು ಇದೇ ತಾನೆ?"

ನಾನು ಹಾಕಿಕೊಂಡೆ. ಬೂಟು ಒಂದಳತೆ ದೊಡ್ಡದು. ಒಳಗೆ ಅವಳ ಬೆವರಿನ ಬಿಸಿ ಇನ್ನೂ ಇತ್ತು. ಹೆಲ್ಮೆಟ್ಟಿನಲ್ಲಿ ಅವಳು ತಲೆಗೆ ಹಚ್ಚುವ ಎಣ್ಣೆಯ ವಾಸನೆ. ನನಗೆ ಖುಷಿಯಾಯಿತು. ಹೌದು, ಆಯಿತು. ಜಾಲರಿಯನ್ನು ಮುಖದ ಮೇಲೆ ಎಳೆದುಕೊಂಡೆ, ಯಾರಿಗೂ ನನ್ನ ಮುಖ ಕಾಣದ ಹಾಗೆ.

ನನ್ನನ್ನು ಪಟ್ಟಣಕ್ಕೆ ಕಳಿಸಲಿಲ್ಲ. ನಮ್ಮ ಕೆಲಸ ನೋಡಲು ರಾಜಧಾನಿಯಿಂದ ದೊಡ್ಡವರು ಬರುವ ದಿನ ಹತ್ತಿರವಿತ್ತು. ಹೊಳೆಯ ಮೇಲ್ಭಾಗ ಅಷ್ಟರಲ್ಲಿ ಚೊಕ್ಕಟವಾಗಬೇಕಿತ್ತು. ಜ್ವೆಲಿ ಅರ್ಧ ಗಂಟೆ ತೋರಿಸಿ ಮಷೀನು ನನ್ನ ಕೈಗಿಟ್ಟ. ಮೂರನೆಯ ದಿನ ಅದು ಗಂಟಿಗೆ ತಾಗಿ ಎಗರಿತು. ನನ್ನ ತೊಡೆಯ ಮೇಲೆ ಬಿತ್ತು. ದಪ್ಪ ಪ್ಯಾಂಟಿನ ಎಳೆಗಳು ಹಲ್ಲಿಗೆ ಸುತ್ತಿಕೊಂಡು ಮಷೀನು ನಿಂತಿತು. ಹರಿದ ಪ್ಯಾಂಟಿನೊಳಗೆ ಬೆರಳು ತೂರಿಸಿ ನೋಡಿದೆ, ರಕ್ತವಿರಲಿಲ್ಲ. ಅವಳ ಕೈಯಲ್ಲಿ ಇದು ಬೆಣ್ಣೆ ಕೊಯ್ದ ಹಾಗೆ ಓಡುತ್ತಿತ್ತು. ಅವಳಿಗೆ ಕೆಲಸ ಬರುತ್ತಿತ್ತು. ಅವಳನ್ನು ಆರಿಸಿದ್ದರಲ್ಲಿ ತಪ್ಪಿರಲಿಲ್ಲ. ಇದು ತಿಳಿದ ಮೇಲೆ ಹೊಟ್ಟೆಕಿಚ್ಚು ಕಮ್ಮಿಯಾಗಬೇಕಿತ್ತು. ಆಗಲಿಲ್ಲ.

ಮೇಲಿನ ದಟ್ಟಣೆ ಕಡಿದು ಮುಗಿದ ಕೆಲವು ವಾರಕ್ಕೆ ಒಂದು ಬೆಳಿಗ್ಗೆ ಸದ್ದು ಕೇಳಿತು. ಮೊದಲು ಗಾಳಿ ಅಂದುಕೊಂಡೆವು. ಮಚ್ಚು ಬಿಸಾಡಿ ಇಳಿದು ಓಡಿದೆವು. ಕಲ್ಲುಗಳ ನಡುವೆ ನೀರು. ಸುಡುಬೇಸಿಗೆಯ ಫೆಬ್ರವರಿಯಲ್ಲಿ ನೀರು! ಹೆಂಗಸರು ಬೋರಲು ಮಲಗಿ ಕುಡಿದರು. ನಾನು ನೀಲಿ ಕೈಗಳನ್ನು ಅದ್ದಿ ನೋಡುತ್ತ ಕುಳಿತೆ. ನನ್ನ ಅಪ್ಪ ಇದೇ ಜಾಗದಲ್ಲಿ ದನಕ್ಕೆ ನೀರು ಕುಡಿಸುತ್ತಿದ್ದೆ ಅನ್ನುತ್ತಿದ್ದ. ನಾನು ನಂಬಿರಲಿಲ್ಲ.

ನಾಲ್ಕು ದಿನ ಕಾದೆವು. ನೀರು ಎಮಾಟ್ಯೆನಿಗೆ ಬರಲಿಲ್ಲ.

ಗುಡ್ಡ ಮುಗಿಯುವಲ್ಲಿ ಹೊಳೆಗೆ ಒಂದು ಒಡ್ಡು ಇದೆ. ಅಲ್ಲಿಂದ ಸಿಮೆಂಟಿನ ಕಾಲುವೆ ಲಾಟೆಗಾನ್‌ನ ಕೆರೆಗೆ ಹೋಗುತ್ತದೆ. ಲಾಟೆಗಾನ್ ಸೇಬಿನ ತೋಟದ ಒಡೆಯ. ಒಡ್ಡು ಅವನ ಅಜ್ಜ ಕಟ್ಟಿಸಿದ್ದು. ನೀರು ಬಂದದ್ದು ನಮಗಿಂತ ಮೊದಲು ಅವನಿಗೆ ತಿಳಿದಿತ್ತು. ತೂಬು ಪೂರ್ತಿ ಎತ್ತಿಸಿದ್ದ. ನಾವು ಹತ್ತು ವರ್ಷ ಕಡಿದು ಬಿಡಿಸಿದ ಹೊಳೆ ತಿರುಗಿ ಅವನ ಕೆರೆ ಸೇರಿತು. ಕೆಳಗೆ ನಮ್ಮ ಊರ ಪಕ್ಕದ ಹೊಳೆಯಲ್ಲಿ ಮೊದಲಿನ ಹಾಗೆ ಕಲ್ಲು.

ಯೋಜನೆ ಶುರುವಾದಾಗ ಊರಿಗೆ ಪೈಪು ಹಾಕುತ್ತೇವೆ ಎಂದು ಹೇಳಿದ್ದರು. ದೊಡ್ಡವರ ಸಭೆಗೆ ಸಿದ್ಧತೆ ನೋಡಲು ಬಂದ ಮೇಡಂ ಬಳಿ ಕೇಳಿದೆ.

"ಮೇಡಂ, ನಮ್ಮ ಪೈಪು?"

"ಅದು ನಮ್ಮ ಇಲಾಖೆ ಅಲ್ಲಮ್ಮ. ಅದಕ್ಕೆ ಬೇರೆಯವರು ಇದಾರೆ. ನೀವು ಇದನ್ನ ಬಾಯಿಪಾಠ ಮಾಡಿಕೊಳ್ಳಿ." ಒಂದು ಚೀಟಿ ಕೊಟ್ಟರು. "ನಾಡಿದ್ದು ಟಿವಿಯವರು ಬರ್ತಾರೆ. ನೀವೇ ಮಷೀನಿನ ಹೆಂಗಸು ತಾನೆ? ನಗ್ತಾ ಹೇಳ್ಬೇಕು."

ಚೀಟಿಯಲ್ಲಿ ಹೀಗಿತ್ತು: ನೀರು ಬಂತು, ನಮ್ಮ ಬಾಳು ಬಂತು.

ಸಭೆಯ ದಿನ ಒಡ್ಡಿನ ಪಕ್ಕದಲ್ಲಿ ಬಿಳಿ ಶಾಮಿಯಾನ. ಕುರ್ಚಿಗಳಿಗೆ ಬಟ್ಟೆ ಹೊದಿಸಿದ್ದರು. ರಾಜಧಾನಿಯಿಂದ ಬಂದವರು, ಪರದೇಶದಿಂದ ಬಂದವರು, ಮುಂದಿನ ಸಾಲಿನಲ್ಲಿ ಲಾಟೆಗಾನ್. ಹಿಂದೆ ಬಿಸಿಲಿನಲ್ಲಿ ನಮ್ಮ ಊರಿನವರು. ಜನ ಕಾಣಿಸಲಿ ಅಂತ ಲಾರಿಯಲ್ಲಿ ತುಂಬಿ ತಂದಿದ್ದರು. ಒಬ್ಬೊಬ್ಬರ ಕೈಗೂ ಒಂದು ಬ್ರೆಡ್ಡು, ಒಂದು ಕೆಂಪು ಷರಬತ್ತು. ಮಾದ್ಲೊಮೊ ಇದ್ದಳು. ಎಲ್ಲರ ಹಿಂದೆ ಜೋಲೆಕಾ ಕೂಡ ಇದ್ದಳು. ಬ್ರೆಡ್ಡನ್ನು ತಿನ್ನದೆ ಬಟ್ಟೆಯಲ್ಲಿ ಕಟ್ಟಿಕೊಳ್ಳುತ್ತಿದ್ದಳು.

ಒಡ್ಡಿನ ಅಂಚಿನಲ್ಲಿ ಒಂದೇ ಒಂದು ವಾಟಲ್ ಮರ ಬಿಟ್ಟಿದ್ದರು. ದೊಡ್ಡವರ ಕಣ್ಣೆದುರು ಉರುಳಿಸಲಿಕ್ಕೆ. ಅದಕ್ಕೆ ಕೆಂಪು ರಿಬ್ಬನ್ ಕಟ್ಟಿದ್ದರು. ನಾನು ಕಡಿಯಬೇಕು. ಕಡಿದು, ಮೈಕಿನಲ್ಲಿ ಚೀಟಿಯ ಮಾತು ಹೇಳಬೇಕು.

ಮೇಡಂ ಕೈ ಎತ್ತಿದರು. ನಾನು ಹಗ್ಗ ಎಳೆದೆ. ಮಷೀನು ಹೊತ್ತಿಕೊಂಡಿತು. ಮರದ ಕಡೆ ಬಗ್ಗಿದೆ. ಬಗ್ಗಿದಾಗ ಕಾಲುವೆ ಕಂಡಿತು. ತುಂಬಿ ಹರಿಯುತ್ತಿತ್ತು. ಗಾಜಿನ ಹಾಗೆ ತಿಳಿ. ಒಂದಿಷ್ಟೂ ಸದ್ದಿಲ್ಲದೆ ಲಾಟೆಗಾನ್‌ನ ಕಡೆ ಹೋಗುತ್ತಿತ್ತು. ನನಗೆ ಹತ್ತು ವರ್ಷದಲ್ಲಿ ಆಗದಷ್ಟು ಹೊಟ್ಟೆ ಉರಿಯಿತು. ಈ ಉರಿಯನ್ನು ಇಷ್ಟು ದಿನ ಯಾರ ಮೇಲೆ ಸುರಿದೆ ನಾನು? ಅರ್ಧ ಹೊರೆ ಸೌದೆ ಮುದುಕಿಗೆ ಕೊಡುವವಳ ಮೇಲೆ. ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತವನ ಮೇಲೆ ಒಂದು ದಿನವಾದರೂ ಹೊಟ್ಟೆಕಿಚ್ಚು ಪಟ್ಟಿದ್ದೆನೇ? ಇಲ್ಲ. ಅವನಿಗಿರುವುದು ಅವನದೇ ಅಂದುಕೊಂಡಿದ್ದೆ.

ಮಷೀನು ಆರಿಸಿದೆ.

ಜ್ವೆಲಿ ಓಡಿ ಬಂದ. "ಏನಾಯ್ತಕ್ಕ? ಪೆಟ್ರೋಲ್ ಖಾಲಿನಾ?"

"ಇಲ್ಲ. ನಾನು ಕಡಿಯಲ್ಲ."

"ಹುಚ್ಚು ಹಿಡೀತಾ? ಎಲ್ರೂ ನೋಡ್ತಿದಾರೆ!"

"ನೋಡ್ಲಿ ಅಂತಾನೇ."

ಮೇಡಂಗೆ ಏನೂ ಗೊತ್ತಾಗಲಿಲ್ಲ. ಮೊದಲು ಮಾತು, ಆಮೇಲೆ ಮರ ಅಂದುಕೊಂಡರೇನೋ. ನಗುತ್ತ ಬಂದು ಮೈಕನ್ನು ನನ್ನ ಬಾಯಿಗೆ ಹಿಡಿದರು.

"ನೀರು ಬಂತು" ಅಂದೆ.

ಚಪ್ಪಾಳೆ ತಟ್ಟಿದರು.

"ಲಾಟೆಗಾನ್ ಸಾಹೇಬರ ಕೆರೆಗೆ ಬಂತು."

ಚಪ್ಪಾಳೆ ಅಲ್ಲಲ್ಲೇ ನಿಂತಿತು. ಮೇಡಂ ಮೈಕು ಹಿಂದಕ್ಕೆಳೆದರು. ನಾನು ಬಿಡಲಿಲ್ಲ. ವಾಟಲ್ ಹಿಡಿದ ಕೈ ಇದು.

"ಮರ ಎಷ್ಟು ಕುಡಿಯುತ್ತೆ ಅಂತ ಬೋರ್ಡಲ್ಲಿ ಬರೆಸಿದೀರಿ. ನಾವೆಷ್ಟು ಕುಡೀತೀವಿ ಅಂತ ಯಾವ ಬೋರ್ಡಲ್ಲಿದೆ? ಮರ ಕಳ್ಳ ಅಂದ್ರಿ, ಕಡಿದ್ವಿ. ಮರ ಹೋಯ್ತು. ನೀರು ಈಗಲೂ ಕಳ್ಳತನ ಆಗ್ತಿದೆ. ಈ ಕಳ್ಳನ್ನ ಯಾರು ಕಡೀತೀರಿ? ಇನ್ನೊಂದು ಮಾತು. ಈ ಹೆಲ್ಮೆಟ್ಟು ನಂದಲ್ಲ. ಜೋಲೆಕಾದು. ಅಲ್ಲಿ ಹಿಂದೆ ನಿಂತಿದಾಳಲ್ಲ, ಅವಳದು. ಒಂದು ಹೊರೆ ಸೌದೆಗೆ ಅವಳನ್ನ ಕಳ್ಳಿ ಮಾಡಿದ್ರಿ. ಚಾಡಿ ಹೇಳಿದ್ದು ನಾನು. ಹೊಟ್ಟೆಕಿಚ್ಚಿಗೆ ಹೇಳಿದೆ."

ಮೈಕು ಸತ್ತಿತು. ಯಾರೋ ತಂತಿ ಕಿತ್ತಿದ್ದರು.

ನಾನು ಹೆಲ್ಮೆಟ್ಟು, ಬೂಟು ಬಿಚ್ಚಿ ರಿಬ್ಬನ್ ಕಟ್ಟಿದ ಮರದ ಬುಡದಲ್ಲಿಟ್ಟೆ. ಮುಂದೇನು ಮಾಡಬೇಕೆಂದು ಯೋಚಿಸಿರಲಿಲ್ಲ. ಕಾಲುವೆಗೆ ಇಳಿದೆ. ತೂಬಿನ ಬಾಯಲ್ಲಿ, ನೀರಿಗೆ ಬೆನ್ನು ಕೊಟ್ಟು ಕುಳಿತುಬಿಟ್ಟೆ. ನೀರು ಎದೆಯವರೆಗೆ ಬಂತು. ಬೆನ್ನಿಗೆ ಗುದ್ದುತ್ತಿತ್ತು.

ಜ್ವೆಲಿ ನನ್ನ ತೋಳು ಹಿಡಿದು ಎಳೆದ. ಆಗ ಹಿಂದಿನಿಂದ ಯಾರೋ ಗಟ್ಟಿಯಾಗಿ ನಕ್ಕರು. ಮಾದ್ಲೊಮೊ. ಷರಬತ್ತಿನ ಲೋಟ ದೊಡ್ಡವರೊಬ್ಬರ ಕೈಗೆ ಕೊಟ್ಟು, ಸೊಂಟ ಹಿಡಿದುಕೊಂಡು ಶಾಮಿಯಾನದ ನಡುವೆಯೇ ನಡೆದು ಬಂದಳು.

"ಬಿಡೋ ಅವಳ ಕೈನ" ಅಂದಳು ಜ್ವೆಲಿಗೆ. "ನನ್ನ ಇಳಿಸು."

"ಅವ್ವಾ, ನೀರು ತುಂಬ ತಣ್ಣಗಿದೆ" ಅಂದೆ.

"ನನ್ನ ಒಲೆಯಷ್ಟು ತಣ್ಣಗಿಲ್ಲ ಬಿಡು."

ಕುಳಿತಳು. ಆಮೇಲೆ ನಮ್ಮ ಗುಂಪಿನ ಹೆಂಗಸರು ಒಬ್ಬೊಬ್ಬರೇ ಇಳಿದರು. ಆಮೇಲೆ ಊರಿನವರು. ಭುಜಕ್ಕೆ ಭುಜ ಒತ್ತಿ ಎರಡು ಸಾಲು ಕುಳಿತೆವು. ಸಂದಿಯಲ್ಲಿ ಕಲ್ಲು, ಲಂಗ, ಶಾಮಿಯಾನದ ಬಟ್ಟೆ ತುರುಕಿದೆವು. ನೀರು ಪೂರ್ತಿ ನಿಲ್ಲಲಿಲ್ಲ. ಆದರೆ ಹಿಂದೆ ಏರಿತು. ಏರಿ, ಒಡ್ಡು ಹಾರಿ ಹಳೆಯ ಹೊಳೆಗೆ ಬಿತ್ತು. ಎಮಾಟ್ಯೆನಿಯ ಕಡೆ ಹರಿಯಿತು.

ಜೋಲೆಕಾ ಕೊನೆಗೆ ಇಳಿದಳು. ನನ್ನ ಪಕ್ಕ ಜಾಗವಿತ್ತು. ಅಲ್ಲಿ ಕೂರಲಿಲ್ಲ. ಆ ತುದಿಗೆ ಹೋಗಿ ಕುಳಿತಳು.

ಐದು ದಿನ ಕುಳಿತೆವು. ಪಾಳಿ ಹಾಕಿಕೊಂಡೆವು. ಪಾದದ ಚರ್ಮ ಬೆಳ್ಳಗೆ ಸುಲಿದು ಬಂತು. ನನ್ನ ಅಂಗೈ ಹತ್ತು ವರ್ಷದಲ್ಲಿ ಮೊದಲ ಸಲ ಬಿಳುಚಿತು. ಪೊಲೀಸ್ ವ್ಯಾನು ಬಂತು. ಟಿವಿಯವರು ಹೋಗದೆ ಅಲ್ಲೇ ಇದ್ದುದರಿಂದ ವ್ಯಾನು ದೂರವೇ ನಿಂತಿತು. ಮೂರನೆಯ ದಿನ ಲಾಟೆಗಾನ್ ಬಂದು ಕಾಲುವೆಯ ದಡದಲ್ಲಿ ಕುಕ್ಕುರು ಕೂತ. ಅವನು ನಮ್ಮ ಮಾತನ್ನು ನಮ್ಮಷ್ಟೇ ಚೆನ್ನಾಗಿ ಆಡುತ್ತಾನೆ.

"ನೀರಿಲ್ಲದೆ ಕಾಯಿ ಉದುರ್ತಿವೆ. ಉದುರಿದ್ರೆ ನಿಮಗೇ ಕೊಯ್ಲಿನ ಕೆಲಸ ಇರಲ್ಲ. ಯೋಚನೆ ಮಾಡಿದ್ರಾ?"

ಮಾದ್ಲೊಮೊ ಕಣ್ಣೂ ಎತ್ತದೆ ಹೇಳಿದಳು. "ನಲವತ್ತು ವರ್ಷ ನಿನ್ನ ಹಣ್ಣಿನ ಯೋಚನೆ ಮಾಡಿದೀನಪ್ಪ. ಸ್ವಲ್ಪ ದಿನ ನೀನು ನಮ್ಮ ಬಾಯಾರಿಕೆ ಯೋಚನೆ ಮಾಡು."

ಅವನು ಎದ್ದು ಹೋದ. ನಾವು ಕುಳಿತೆವು. ಜೋಲೆಕಾ ಬರುತ್ತಿದ್ದಳು, ಕುಳಿತುಕೊಳ್ಳುತ್ತಿದ್ದಳು, ಹೋಗುತ್ತಿದ್ದಳು. ಮಾದ್ಲೊಮೊಳಿಗೆ ಬಿಸಿ ಚಹಾ ತರುತ್ತಿದ್ದಳು. ಎಲ್ಲರಿಗೂ ಕೊಡುತ್ತಿದ್ದಳು. ನನಗೂ ಕೊಟ್ಟಳು, ಮುಖ ನೋಡದೆ. ಎಲ್ಲರೂ ಅವಳ ಜೊತೆ ನಕ್ಕು ಮಾತಾಡುತ್ತಿದ್ದರು. ನನ್ನ ಜೊತೆ ಕೆಲಸದ ಮಾತು ಮಾತ್ರ. ನಾನು ಮೊದಲು ಇಳಿದವಳು. ಆದರೂ ಜನ ಒತ್ತಿ ಕೂರುತ್ತಿದ್ದುದು ಅವಳ ಪಕ್ಕದಲ್ಲಿ. ಆ ತಣ್ಣೀರಿನಲ್ಲೂ ನನಗೆ ಉರಿಯುತ್ತಿತ್ತು.

ಆರನೆಯ ದಿನ ಬೆಳಿಗ್ಗೆ ಮೇಡಂ ಕಾಗದ ಹಿಡಿದು ಬಂದರು. ಜೊತೆಗೆ ಆ ಬೇರೆ ಇಲಾಖೆಯವರೂ ಇದ್ದರು. ಅವರು ಇರುವುದನ್ನು ನಾವು ಅಂದೇ ಕಂಡದ್ದು. ಮೇಡಂ ಓದಿದರು. ಒಡ್ಡಿನಿಂದ ಎಮಾಟ್ಯೆನಿಗೆ ಪೈಪು. ತೂಬಿಗೆ ಅಳತೆಯ ಗೆರೆ. ಅದಕ್ಕಿಂತ ಹೆಚ್ಚು ನೀರು ತೋಟಕ್ಕಿಲ್ಲ. ತೋಳಿಗಿಂತ ಸಣ್ಣ ಸೌದೆ ಕಡಿದವರದು. ಜೋಲೆಕಾಳಿಗೆ ಮಷೀನು ವಾಪಸ್. ಎಲ್ಲರಿಗೂ ಕೆಲಸ ಮುಂದುವರಿಯುತ್ತದೆ.

"ಒಬ್ಬರನ್ನ ಬಿಟ್ಟು" ಅಂದರು. "ವುಯಿಸ್ವಾ ಅವರು ಅತಿಥಿಗಳ ಮುಂದೆ ಇಲಾಖೆಗೆ ಅವಮಾನ ಮಾಡಿದಾರೆ. ಅವರ ಹೆಸರು ಪಟ್ಟಿಯಿಂದ ತೆಗೀಬೇಕಾಗುತ್ತೆ. ಇದು ಮೇಲಿನ ತೀರ್ಮಾನ. ಒಬ್ಬರಿಗೋಸ್ಕರ ಊರಿನ ಪೈಪು ನಿಲ್ಲಬಾರದಲ್ವಾ?"

ನಾನು ನೀರನ್ನು ನೋಡಿದೆ. ಪೈಪು ಬರುತ್ತದೆ. ಅದು ನ್ಯಾಯವೇ ಅನಿಸಿತು. ಜ್ವೆಲಿ ಜೋಲೆಕಾಳ ಕಡೆ ತಿರುಗಿದ. ನ್ಯಾಯ ಕೇಳಬೇಕಾದವಳು ಅವಳೇ ಎನ್ನುವ ಹಾಗೆ.

"ನೀನೇ ಹೇಳಕ್ಕ. ನಿಂಗೆ ಹಾಗೆ ಮಾಡಿದವಳು. ಸೈನ್ ಹಾಕ್ತೀಯ ತಾನೆ?"

ಜೋಲೆಕಾ ನೀರಿನಿಂದ ಎದ್ದಳು. ಲಂಗ ಹಿಂಡಿದಳು. ನಿಧಾನವಾಗಿ.

"ಅವಳು ನನಗೆ ಮಾಡಿದ್ದನ್ನ ನಾನು ಮರೆಯಲ್ಲ" ಅಂದಳು. "ಸಾಯೋವರೆಗೂ ಮರೆಯಲ್ಲ. ಆದ್ರೆ ಅದು ನಂದು, ಅವಳದು. ನಿಮಗೆ ಅದು ಬಂಡವಾಳ ಅಲ್ಲ. ಅವಳ ಹೆಸರು ಪಟ್ಟೀಲಿ ಇಲ್ದಿದ್ರೆ ನಂದೂ ಬೇಡ. ನಾವ್ಯಾರೂ ಮರ ಮುಟ್ಟಲ್ಲ. ಗುಡ್ಡದ ತುಂಬ ಸಸಿ ಎದ್ದಿವೆ ಮೇಡಂ, ನೋಡ್ಕೊಂಡು ಬನ್ನಿ. ನೀವೇ ಕೀಳಿ."

ಹೇಳಿ ಮತ್ತೆ ಕುಳಿತಳು.

ಅವಳ ಮೇಲೆ ನಾನು ಎಂದೂ ಅಷ್ಟು ಹೊಟ್ಟೆಕಿಚ್ಚು ಪಟ್ಟಿರಲಿಲ್ಲ. ಅವಳ ಜಾಗದಲ್ಲಿ ನಾನಿದ್ದಿದ್ದರೆ ಸುಮ್ಮನಿರುತ್ತಿದ್ದೆ. ಅದು ನನಗೆ ಚೆನ್ನಾಗಿ ಗೊತ್ತು.

ಮೇಡಂ ಬಹಳ ಹೊತ್ತು ಫೋನಿನಲ್ಲಿ ಮಾತಾಡಿದರು. ಆಮೇಲೆ ಬಂದು ಕಾಗದವನ್ನು ತೊಡೆಯ ಮೇಲಿಟ್ಟುಕೊಂಡು ಒಂದು ಸಾಲು ಹೊಡೆದು ಹಾಕಿದರು. ಪಟ್ಟಿಯ ಕೆಳಗೆ ನನ್ನ ಹೆಸರು ಸೇರಿಸಲು ಪೆನ್ನು ಹಿಡಿದು, ಅದನ್ನು ಹೇಗೆ ಬರೆಯುವುದು ಎಂದು ಕೇಳಿದರು.

ನಾನು ಬಾಯಿ ತೆರೆಯುವ ಮೊದಲೇ ಆ ತುದಿಯಿಂದ ಜೋಲೆಕಾ ಒಂದೊಂದೇ ಅಕ್ಷರ ಬಿಡಿಸಿ ಹೇಳಿ ಬರೆಸಿದಳು. ಬರೆದದ್ದನ್ನು ತೋರಿಸಿ ಅಂದಳು. ಒಂದು ಅಕ್ಷರ ತಪ್ಪಿತ್ತು. ತಿದ್ದಿಸಿದಳು.